ಡ್ರೈವರ್ ತೆಗೆದು ಮರಳಿ ಹಾಕುವ ಕುರಿತು

ಆಡಳಿತ ವಿಭಾಗ
ಔಷಧ ಕಾರ್ಖಾನೆಯ ವೆಸ್ಟ್‌ಲ್ಯಾಂಡ್ಸ್ ಕಚೇರಿ, ನೈರೋಬಿ

ಸಂಖ್ಯೆ: ಆವಿ/ಡ್ರೈ-ಬ/17/ತಿದ್ದುಪಡಿ-3
ದಿನಾಂಕ: ಮಂಗಳವಾರ (ತಾರೀಖು ಡಿಸ್ಕಿನಲ್ಲಿ ಉಳಿದಿರುವುದಿಲ್ಲ)

ವಿಷಯ: ಡಿಸ್ಕ್ ಡ್ರೈವರ್‌ನ ಬಫರ್ ದೋಷ ಹಾಗೂ ವ್ಯಾನ್ ಡ್ರೈವರ್ ಶ್ರೀ ಲಾರೆನ್ಸ್ ಅವರ ಮರುಸ್ಥಾಪನೆ.

ಉಲ್ಲೇಖ: (1) ಕಂಪ್ಯೂಟರ್ ಎಂಜಿನಿಯರ್ ಶ್ರೀಮತಿ ಕಾತ್ಯಾಯಿನಿ ಅವರ ಟಿಪ್ಪಣಿ. (2) ಅದೇ ಟಿಪ್ಪಣಿ, ಕೆಂಪು ಶಾಯಿಯಲ್ಲಿ. (3) ಅದೇ ಟಿಪ್ಪಣಿ, ನಮ್ಮ ಬಾಗಿಲಿಗೆ ಅಂಟಿಸಿದ್ದು.

ಕಳೆದ ತಿಂಗಳ ಹಾಜರಿ ಪಟ್ಟಿಯನ್ನು ಡಿಸ್ಕಿಗೆ ನಕಲು ಮಾಡಿದಾಗ ಕೊನೆಯ ಸಾಲುಗಳಲ್ಲಿ ಕ್ಯಾಂಟೀನಿನ ಹಳೆಯ ಊಟದ ಪಟ್ಟಿ ಸೇರಿಕೊಂಡು, ಶ್ರೀ ಚಿತ್ರಾನ್ನ ಎಂಬುವರು ಇಪ್ಪತ್ತಾರು ದಿನ ರಜೆಯಿಲ್ಲದೆ ದುಡಿದಿರುವುದು ಗಮನಕ್ಕೆ ಬಂದಿರುತ್ತದೆ. ಶ್ರೀಮತಿ ಕಾತ್ಯಾಯಿನಿ ಅವರು ಪರಿಶೀಲಿಸಿ, "ಡ್ರೈವರ್‌ನ ಬಫರ್‌ನಲ್ಲಿ ಹಳೆಯದು ಖಾಲಿಯಾಗುವ ಮೊದಲೇ ಹೊಸದು ತುಂಬುತ್ತಿದೆ. ಡ್ರೈವರ್ ತೆಗೆದು ಮರಳಿ ಹಾಕಬೇಕು" ಎಂದು ವರದಿ ಮಾಡಿದ್ದರು.

‘ಬಫರ್’ ಎಂಬುದು ‘ಬಫೆ’ಯ ಕಾಗುಣಿತ ದೋಷವೆಂದು ಈ ವಿಭಾಗವು ತಿದ್ದಿಕೊಂಡ ಕಾರಣ, ಹತ್ತೊಂಬತ್ತು ವರ್ಷಗಳಿಂದ ವ್ಯಾನ್ ಓಡಿಸುತ್ತ ನಮ್ಮಿಂದಲೇ ಕನ್ನಡ ಕಲಿತ ಶ್ರೀ ಲಾರೆನ್ಸ್ ಅವರನ್ನು, ತಟ್ಟೆ ಖಾಲಿಯಾಗುವ ಮೊದಲೇ ಮತ್ತೆ ಬಡಿಸಿಕೊಂಡ ಆರೋಪದ ಮೇಲೆ ಶುಕ್ರವಾರ ಕೆಲಸದಿಂದ ತೆಗೆಯಲಾಗಿತ್ತು. ಅವರು ಮಟಾಟು (ಇಲ್ಲಿನ ಬಾಡಿಗೆ ಮಿನಿಬಸ್) ಹತ್ತಿ ನ್ಗಾರಾದ ತಮ್ಮ ಮನೆಗೆ ಹೋಗಿರುತ್ತಾರೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಬಫರ್ ಎಂದರೆ ನಕಲಾಗುವ ಮಾಹಿತಿ ಕ್ಷಣಕಾಲ ತಂಗುವ ಜಾಗ. ಅಲ್ಲಿ ಪಲ್ಯ ಇರುವುದಿಲ್ಲ.

2. ಶ್ರೀಮತಿ ಕಾತ್ಯಾಯಿನಿ ಅವರ ಹೇಳಿಕೆಯನ್ನು ("ದತ್ತಾತ್ರೇಯ ಸರ್, ನಾನ್ ಹೇಳಿದ್ದು ಡಿಸ್ಕ್ ನಡೆಸೋ ಸಾಫ್ಟ್‌ವೇರು! ಪಾಪ, ಲಾರೆನ್ಸ್ ತಿನ್ನೋದೇ ಎರಡು ಚಪಾತಿ. ಅವರು ವಾಪಸ್ ಬರೋವರೆಗೂ ನಾನು ಡಿಸ್ಕ್ ಮುಟ್ಟಲ್ಲ") ದಾಖಲಿಸಿಕೊಳ್ಳಲಾಗಿದೆ. ಚಪಾತಿಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.

3. ಯಾವುದೇ ತಪ್ಪು ಸಂಭವಿಸಿರುವುದಿಲ್ಲ. ಟಿಪ್ಪಣಿಯಲ್ಲಿನ ‘ತೆಗೆದು’ ಎಂಬಷ್ಟು ಭಾಗ ಪಾಲನೆಯಾಗಿದ್ದು, ‘ಮರಳಿ ಹಾಕಬೇಕು’ ಎಂಬುದು ಮಾತ್ರ ಬಾಕಿ ಇರುತ್ತದೆ.

4. ಡ್ರೈವರ್ ಹಾಕಿದ ಮೇಲೆ ರೀಸ್ಟಾರ್ಟ್ ಕಡ್ಡಾಯ. ಶ್ರೀ ಲಾರೆನ್ಸ್ ಅವರು ಗೇಟಿನಿಂದ ಹೊರಹೋಗಿ, ಹತ್ತರವರೆಗೆ ಎಣಿಸಿ, ಒಳಬರತಕ್ಕದ್ದು. "ಸವಾ ಬಾಸ್, ಸರಿ, ಆದ್ರೆ ನಾನೀಗ ಹೊರಗೇ ಇದೀನಲ್ಲ?" ಎಂದು ಅವರು ಫೋನಿನಲ್ಲಿ ಎತ್ತಿದ ಆಕ್ಷೇಪಣೆಯನ್ನು ಮಾನ್ಯ ಮಾಡಿ, ಹೊರಹೋಗುವ ಸಲುವಾಗಿ ಮೊದಲು ಒಳಬರಲು ವಿಶೇಷ ಅನುಮತಿ ನೀಡಲಾಗಿದೆ.

5. ಮುಂಜಾಗ್ರತೆಯಾಗಿ, ಕ್ಯಾಂಟೀನಿನ ತಟ್ಟೆಗಳಿಗೂ ಬಫರ್ ನಿಯಮ ಅನ್ವಯಿಸುತ್ತದೆ. ಬಡಿಸುವಾಗ ತಿನ್ನತಕ್ಕದ್ದಲ್ಲ, ತಿನ್ನುವಾಗ ಬಡಿಸತಕ್ಕದ್ದಲ್ಲ. ತಟ್ಟೆಯಲ್ಲಿ ಹಿಡಿಯದ ಸಾರು ಪಕ್ಕದವರ ತಟ್ಟೆಗೆ ಹರಿದಲ್ಲಿ ಇಬ್ಬರೂ ಮೊದಲಿನಿಂದ ಊಟ ಮಾಡತಕ್ಕದ್ದು.

6. ಗೊಂದಲ ನಿವಾರಣೆಗಾಗಿ ಶ್ರೀ ಲಾರೆನ್ಸ್ ಅವರನ್ನು ‘ಡ್ರೈವರ್ (ಚಪಾತಿ ತಿನ್ನುವ)’ ಎಂದೂ, ಡಿಸ್ಕಿನದನ್ನು ‘ಡ್ರೈವರ್ (ಹೆಸರು ತಿನ್ನುವ)’ ಎಂದೂ ಬರೆಯತಕ್ಕದ್ದು.

7. ಶ್ರೀ ಚಿತ್ರಾನ್ನ ಅವರಿಗೆ ಘೋಷಿಸಲಾಗಿದ್ದ ‘ಅತ್ಯುತ್ತಮ ಹಾಜರಿ’ ಪ್ರಶಸ್ತಿಯನ್ನು ಹಿಂಪಡೆಯಲಾಗಿದೆ. ಆ ಸಾಲಿನಲ್ಲಿ ಅಳಿಸಿಹೋಗಿದ್ದ ಹೆಸರು ಶ್ರೀ ಲಾರೆನ್ಸ್ ಅವರದೆಂದು ಶ್ರೀಮತಿ ಕಾತ್ಯಾಯಿನಿ ಅವರು ಪತ್ತೆ ಹಚ್ಚಿರುವುದರಿಂದ, ರೀಸ್ಟಾರ್ಟ್ ಆದ ಕೂಡಲೇ ಗೇಟಿನಲ್ಲೇ ಅವರಿಗೆ ಪ್ರಶಸ್ತಿ ನೀಡಲಾಗುವುದು.

(ಸಹಿ)
ದತ್ತಾತ್ರೇಯ
ಆಡಳಿತಾಧಿಕಾರಿ

ಪ್ರತಿಗಳು:
1. ಶ್ರೀ ಲಾರೆನ್ಸ್ – ವ್ಯಾನಿನ ಕೀಲಿಯೊಂದಿಗೆ.
2. ಶ್ರೀಮತಿ ಕಾತ್ಯಾಯಿನಿ – ಇನ್ನಾದರೂ ಡಿಸ್ಕ್ ಮುಟ್ಟುವಂತೆ ಕೋರಿ.
3. ಕ್ಯಾಂಟೀನ್ ಮೇಲ್ವಿಚಾರಕಿ ಗ್ಲೋರಿಯಾ – ಸಾರಿನ ಪಾತ್ರೆಯ ಬಳಿ ಅಂಟಿಸಲು.
4. ಡ್ರೈವರ್ (ಹೆಸರು ತಿನ್ನುವ) – ಕೊನೆಯ ಎಚ್ಚರಿಕೆಯಾಗಿ.
5. ಕಚೇರಿ ಕಡತ – ಡಿಸ್ಕಿಗೆ ಯಶಸ್ವಿಯಾಗಿ ನಕಲು ಮಾಡಲಾಚಿತ್ರಾನ್ನ, ಹಪ್ಪಳ, ಮಜ್ಜಿಗೆ.