ಮೇಷ್ಟ್ರು ಬಳಿದ ತುಕ್ಕು

ಆ ಭಾನುವಾರ ಬೆಳಿಗ್ಗೆ ಡ್ರಾಯಿಂಗ್ ಮೇಷ್ಟ್ರ ಹೆಂಡತಿಯ ಹೊಸ ಶಾಲು ಕಾರಿನ ಹಿಂಬಾಗಿಲಿಗೆ ಸಿಕ್ಕಿಕೊಂಡು ಪರ್ರೆಂದು ಹರಿಯದೇ ಇದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಹುಟ್ಟದಿದ್ದರೆ ಮೇಷ್ಟ್ರಿಗೂ ಎಷ್ಟೋ ನೆಮ್ಮದಿಯಾಗಿರುತ್ತಿತ್ತು.

ಬಾಗಿಲ ಕೆಳಗಿನ ಅಂಚಿಗೆ ತುಕ್ಕು ಹಿಡಿದು ತಗಡು ಒಣಗಿದ ಎಲೆಯ ಹಾಗೆ ಮುರುಟಿಕೊಂಡಿತ್ತು. ಅದು ಮೊದಲು ಕಾಣಿಸಿಕೊಂಡಾಗ ಬಣ್ಣದ ಅಡಿಯಲ್ಲಿ ಸೊಳ್ಳೆ ಕಚ್ಚಿದಷ್ಟು ಸಣ್ಣ ಗುಳ್ಳೆ. ಅಂದೇ ಕೆರೆದು ಒಂದಿಷ್ಟು ಬಣ್ಣ ಹಚ್ಚಿದ್ದರೆ ಮುಗಿದುಹೋಗುತ್ತಿತ್ತು. ಮೇಷ್ಟ್ರು ಪ್ರತಿ ಭಾನುವಾರ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಒತ್ತಿ ನೋಡಿ, ಮುಂದಿನ ಭಾನುವಾರ ನೋಡಿದರಾಯಿತು ಎಂದು ಎದ್ದು ಹೋಗುತ್ತಿದ್ದರು. ಭಾನುವಾರಗಳು ಬಂದುಹೋದವು. ಗುಳ್ಳೆ ಒಡೆದು ತೂತಾಯಿತು, ಪಕ್ಕದಲ್ಲಿ ಇನ್ನೆರಡು ಗುಳ್ಳೆ ಎದ್ದವು, ಹಿಂದಿನ ಮಡ್‌ಗಾರ್ಡಿಗೂ ಅದೇ ರೋಗ ಹತ್ತಿತು.

ಹರಿದ ಶಾಲನ್ನು ಕೈಯಲ್ಲಿ ಹಿಡಿದು ಹೆಂಡತಿ ಹೇಳಿದರು, "ಸಾಕಾಯ್ತು. ಮಾರಿಬಿಡಿ ಇದನ್ನ."

"ಆಯ್ತು," ಎಂದರು ಮೇಷ್ಟ್ರು.

ಮೇಷ್ಟ್ರ ಬಾಯಿಗೆ ಗೊತ್ತಿದ್ದ ಉತ್ತರ ಅದೊಂದೇ. ಹೆಡ್‌ಮೇಷ್ಟ್ರು ಇನ್ನೊಂದು ಕ್ಲಾಸು ನೋಡಿಕೊಳ್ಳಿ ಎಂದರೆ ಆಯ್ತು. ಕ್ಷೌರದವನು ಇನ್ನೂ ಗಿಡ್ಡ ಮಾಡಲೇ ಎಂದರೆ ಆಯ್ತು. ಹಾಗೆ ಹೇಳಿ ಎಷ್ಟೋ ಸಲ ಬೋಳುತಲೆಯಲ್ಲಿ ಮನೆಗೆ ಬಂದದ್ದುಂಟು. ಬೇಡ ಎನ್ನುವ ಮಾತು ಅವರ ಗಂಟಲವರೆಗೆ ಬಂದು, ಅಲ್ಲೇ ಕೂತು, ಸದ್ದಿಲ್ಲದೆ ಹಿಂದಕ್ಕೆ ಇಳಿಯುತ್ತಿತ್ತು.

ಈ ಸಂಭಾಷಣೆ ನಡೆದದ್ದು ಕೆಳಮನೆಯ ಹಲ್ಲಿನ ಡಾಕ್ಟರ ಕಿಟಕಿಯ ಪಕ್ಕದಲ್ಲಿ. ಪರರ ಉಪಕಾರಕ್ಕಾಗಿಯೇ ಹುಟ್ಟಿದ ಜೀವ ಅದು. ಮೇಷ್ಟ್ರು ತಿಂಡಿ ತಿಂದು ಕೈತೊಳೆಯುವಷ್ಟರಲ್ಲಿ ಡಾಕ್ಟರು ಮೇಲೆ ಬಂದು ಸುದ್ದಿ ಮುಟ್ಟಿಸಿದರು. ಹಳೇ ಕಾರಿನ ವ್ಯಾಪಾರಿಯೊಬ್ಬರ ದವಡೆ ಹಲ್ಲನ್ನು ಹೋದ ವಾರವಷ್ಟೇ ಅವರು ಕಿತ್ತಿದ್ದರಂತೆ. ನೋವೇ ಗೊತ್ತಾಗದ ಹಾಗೆ ಕಿತ್ತದ್ದರಿಂದ ಆತ ಇವರ ಮಾತನ್ನು ತೆಗೆದುಹಾಕುವುದಿಲ್ಲವಂತೆ. ಸಂಜೆಗೆ ಗಾಡಿ ನೋಡಲು ಬರುತ್ತಾರೆ, ಒಪ್ಪಿಗೆ ತಾನೇ ಎಂದು ಕೇಳಿದರು. ಮೇಷ್ಟ್ರು ಆಯ್ತು ಎಂದರು.

ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಆ ಕಾರನ್ನು ಮಾರುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲೇ, ಮದುವೆಯಾಗಿ ಹೋದದ್ದೂ ಅದರಲ್ಲೇ. ದಿನಾ ಸ್ಕೂಲಿನಿಂದ ಬಂದ ಮೇಲೆ ಮೇಷ್ಟ್ರು ಎಂಜಿನ್ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಅದರೊಳಗೆ ಕೂರುತ್ತಿದ್ದರು. ಪ್ರಪಂಚದಲ್ಲಿ ಯಾರೂ ಅವರನ್ನು ಏನೂ ಕೇಳದ ಜಾಗ ಅದೊಂದೇ. ಅದು ಹೋಯಿತೆಂದರೆ ತಾನು ಎಲ್ಲಿ ಕೂರುವುದು?

ಆದರೂ ಅವರು ಧೈರ್ಯಗೆಡಲಿಲ್ಲ. ಇಷ್ಟೊಂದು ತುಕ್ಕು ಹಿಡಿದ ಗಾಡಿಯನ್ನು ಕಣ್ಣಿದ್ದವರು ಯಾರು ಕೊಳ್ಳುತ್ತಾರೆ? ಇಷ್ಟು ದಿನ ಬೈದುಕೊಂಡಿದ್ದ ತುಕ್ಕಿನ ಮೇಲೆ ಅವರಿಗೆ ಮೊಟ್ಟಮೊದಲ ಬಾರಿಗೆ ಪ್ರೀತಿ ಉಕ್ಕಿತು.

ಆ ಪ್ರೀತಿಗೆ ಆಯುಸ್ಸು ಕಡಿಮೆಯಿತ್ತು. ಮೇಷ್ಟ್ರು ಅಂಗಳಕ್ಕೆ ಇಳಿದು ನೋಡಿದರೆ ಡಾಕ್ಟರು ಹಳೇ ಕೊಕ್ಕೆ, ಚಿಮಟಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಹಿಂಬಾಗಿಲ ಮುಂದೆ ಸ್ಟೂಲು ಹಾಕಿ ಕೂತಿದ್ದರು. ಮೂಗಿಗೆ ಬಟ್ಟೆಯನ್ನೂ ಕಟ್ಟಿದ್ದರು.

"ಹುಳುಕು ಹಲ್ಲಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ ಮೇಷ್ಟ್ರೇ," ಎಂದರು. "ಕೊಳೆತದ್ದನ್ನ ಕೆರೀಬೇಕು, ಒಣಗಿಸ್ಬೇಕು, ತುಂಬಬೇಕು. ನೀವು ಆರಾಮಾಗಿ ನಿಂತ್ಕೊಳ್ಳಿ."

ಹಾಗೆಂದು ಕೊಕ್ಕೆ ಹಾಕಿ ಕೆರೆಯತೊಡಗಿದರು. ಅಭ್ಯಾಸಬಲದಿಂದ, ಸ್ವಲ್ಪ ನೋವಾಗುತ್ತೆ ಎಂದು ಕಾರಿಗೂ ಒಂದು ಮಾತು ಹೇಳಿದರು. ನೋವಾದದ್ದು ಮೇಷ್ಟ್ರಿಗೆ.

ಅಷ್ಟರಲ್ಲಿ ಮೂರನೇ ಮಹಡಿಯ ಸೆಕ್ರೆಟರಿ ಇಳಿದುಬಂದರು. ಆ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿಯಾದಾಗಿನಿಂದ ಅವರ ಹೆಂಡತಿಯೂ ಅವರನ್ನು ಸೆಕ್ರೆಟರಿ ಎಂದೇ ಕರೆಯುತ್ತಿದ್ದರು. ಕಾರಿನಿಂದ ಇಳಿಯುವ ತುಕ್ಕುನೀರು ಅಂಗಳದ ನೆಲಕ್ಕೆ ಕೆಂಪು ಕಲೆ ಮಾಡುತ್ತದೆಂದು ಮೂರು ಸಭೆಗಳಲ್ಲಿ ಗುಡುಗಿದವರು ಅವರು. ಈಗ ಗಾಡಿ ತೊಲಗುತ್ತದೆಂಬ ಸಂತೋಷಕ್ಕೆ ಉಪ್ಪುಕಾಗದ, ಪುಟ್ಟಿ, ಪ್ರೈಮರ್, ಬಣ್ಣದ ಡಬ್ಬಿ ಎಲ್ಲವನ್ನೂ ತಾವೇ ತರಿಸಿದ್ದರು. ಒಬ್ಬರು ಉಜ್ಜಿದರು, ಒಬ್ಬರು ಊದಿದರು. ತೂತಿಗೆ ಪುಟ್ಟಿ ತುಂಬಿ ಡಾಕ್ಟರು ಎಷ್ಟು ನಯ ಮಾಡಿದರೆಂದರೆ, ಕಾರು ಒಂದು ಸಲ ಬಾಯಿ ಮುಕ್ಕಳಿಸುವುದಷ್ಟೇ ಬಾಕಿ ಇತ್ತು.

ಉಳಿದದ್ದು ಬಣ್ಣ. ಅಂಗಡಿಯ ಡಬ್ಬಿಯ ನೀಲಿಯೇ ಬೇರೆ, ಬಿಸಿಲಲ್ಲಿ ಮಾಸಿದ ಕಾರಿನ ನೀಲಿಯೇ ಬೇರೆ. ಹಾಗೇ ಬಳಿದರೆ ತೇಪೆ ಹಾಕಿದ್ದು ದೂರದಿಂದಲೇ ಕಾಣುತ್ತಿತ್ತು. ದೇವರು ಮೇಷ್ಟ್ರಿಗೆ ಕೊಟ್ಟ ಅವಕಾಶ ಅದು. ಆದರೆ ಸೆಕ್ರೆಟರಿ ಅವರ ಕೈಗೇ ಬ್ರಷ್ಷು ಕೊಟ್ಟು, ನೀವೇ ಬಣ್ಣ ಕೂಡಿಸಿ ಎಂದರು. ಬ್ರಷ್ಷು ಕೈಗೆ ಬಂದರೆ ಕೆಟ್ಟದಾಗಿ ಬಳಿಯುವುದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ನೀಲಿಗೆ ಚೂರು ಬಿಳಿ, ಒಂದು ತೊಟ್ಟು ಕಪ್ಪು, ಹೆಸರಿಗಷ್ಟು ಹಳದಿ ಹಾಕಿ, ಕಣ್ಣು ಕಿರಿದು ಮಾಡಿ ನೋಡಿ, ಮೈಮರೆತು ಬಳಿದರು. ಬಳಿದು ಹಿಂದೆ ಸರಿದು ನಿಂತಾಗ ತೇಪೆ ಎಲ್ಲಿದೆಯೆಂದು ಅವರಿಗೇ ಗೊತ್ತಾಗಲಿಲ್ಲ. ಡಾಕ್ಟರು ಬೆನ್ನು ತಟ್ಟಿದರು. ತನ್ನ ಕುತ್ತಿಗೆಯನ್ನು ತಾನೇ ಕೊಯ್ದುಕೊಂಡದ್ದು ಮೇಷ್ಟ್ರಿಗೆ ಆಗ ಹೊಳೆಯಿತು.

ಮಧ್ಯಾಹ್ನ ಊಟಕ್ಕೆ ಕೂತರು. ಹೆಂಡತಿ ಅನ್ನದ ಪಾತ್ರೆಯನ್ನು ಠಣ್ಣೆಂದು ಇಟ್ಟರು. ಶಾಲಿನ ಸಿಟ್ಟು ಇನ್ನೂ ಇಳಿದಿಲ್ಲವೆಂದುಕೊಂಡರು ಮೇಷ್ಟ್ರು. ಎಲೆಕೋಸಿನ ಪಲ್ಯವನ್ನು ತಟ್ಟೆಯಲ್ಲಿ ಅತ್ತಿತ್ತ ದೂಡುತ್ತಾ ಕೂತವರಿಗೆ ಒಂದು ಯೋಚನೆ ಬಂತು. ಕಾರಿನ ಬಣ್ಣವನ್ನೇ ಅಷ್ಟು ಸಲೀಸಾಗಿ ಕೂಡಿಸಿದ ಕೈಗೆ ತುಕ್ಕಿನ ಬಣ್ಣ ಯಾವ ಮಹಾ?

ಕಟ್ಟಡವೆಲ್ಲ ಭಾನುವಾರದ ನಿದ್ದೆಯಲ್ಲಿ ಮುಳುಗಿದ ಮೇಲೆ ಅವರು ಸ್ಕೂಲಿನ ಪೋಸ್ಟರ್ ಬಣ್ಣದ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಕಳ್ಳಹೆಜ್ಜೆಯಲ್ಲಿ ಇಳಿದರು. ಬೆಳಿಗ್ಗೆ ಬಳಿದದ್ದು ಸುಡುಬಿಸಿಲಿಗೆ ಒಣಗಿತ್ತು. ಕಂದು, ಕಿತ್ತಳೆ, ನಡುವೆ ಒಂದಿಷ್ಟು ಕಪ್ಪು. ತುಕ್ಕು ನುಣುಪಾಗಿದ್ದರೆ ಯಾರು ನಂಬುತ್ತಾರೆ ಎಂದು ಅಡುಗೆಮನೆಯಿಂದ ತಂದ ಕಾಫಿಪುಡಿಯನ್ನು ಹಸಿಬಣ್ಣದ ಮೇಲೆ ಉದುರಿಸಿದರು. ಅದ್ಭುತವಾಗಿ ಬಂತು. ಹಾಗಾಗಿ ಅಲ್ಲಿಗೆ ನಿಲ್ಲಿಸಲಾಗಲಿಲ್ಲ. ಹಿಂಬಾಗಿಲಿನಿಂದ ಮುಂಬಾಗಿಲಿಗೆ, ಅಲ್ಲಿಂದ ಬಾನೆಟ್ಟಿಗೆ, ಕಡೆಗೆ ಡಿಕ್ಕಿಗೂ ತುಕ್ಕು ಹಬ್ಬಿತು. ನಿದ್ದೆ ಬಾರದೆ, ಕನ್ನಡಕವನ್ನೂ ಹಾಕದೆ ಬಾಲ್ಕನಿಗೆ ಬಂದ ಸೆಕ್ರೆಟರಿ ಕಾರಿನ ಆ ಬದಿಯಲ್ಲಿ ಬಗ್ಗಿದ್ದ ಮೇಷ್ಟ್ರನ್ನು ಕಂಡು, ಈ ಬಿಸಿಲಲ್ಲೂ ಪಾಲಿಶ್ ಹಾಕುತ್ತಿದ್ದೀರಲ್ಲ, ನಿಮ್ಮ ಶ್ರದ್ಧೆ ದೊಡ್ಡದು ಎಂದು ಹೊಗಳಿ ಒಳಗೆ ಹೋದರು.

ಸಂಜೆ ವ್ಯಾಪಾರಿ ಬಂದರು. ದಪ್ಪನೆಯ, ನಿಧಾನದ ಮನುಷ್ಯ. ಡಾಕ್ಟರು, ಸೆಕ್ರೆಟರಿ, ಮೇಷ್ಟ್ರ ಹೆಂಡತಿ ಎಲ್ಲರೂ ಅಂಗಳದಲ್ಲಿ ಸೇರಿದರು. ಕಾರನ್ನು ಕಂಡ ಡಾಕ್ಟರ ಮುಖ ಬಿಳಿಚಿಕೊಂಡಿತು. ಬೆಳಿಗ್ಗೆ ತಾನೇ ತುಂಬಿದ ಜಾಗ ಸಂಜೆಗೆ ಹೀಗೆ ಹುಳುಕಾದದ್ದನ್ನು ಅವರು ತಮ್ಮ ಇಡೀ ವೃತ್ತಿಯಲ್ಲಿ ಕಂಡಿರಲಿಲ್ಲ.

"ಪೂರ್ತಿ ತುಕ್ಕು ಅಂತ ಕೇಳಿದ್ದೆ," ಎಂದರು ವ್ಯಾಪಾರಿ. "ಬಂದು ನೋಡಿದ್ರೆ ಹಾಗೇ ಇದೆ."

ಮೇಷ್ಟ್ರ ನಾಲಿಗೆಗೆ ಎಂದೂ ಇಲ್ಲದ ಚುರುಕು ಬಂತು. ಕಾರಿನ ಸುತ್ತ ಓಡಾಡಿ ಇಲ್ಲಿ ನೋಡಿ, ಅಲ್ಲಿ ನೋಡಿ ಎಂದು ಪ್ರತಿಯೊಂದು ಕಲೆಯನ್ನೂ ತೋರಿಸಿದರು. ವ್ಯಾಪಾರಿ ಒಂದು ಕಲೆಯ ಹತ್ತಿರ ಬಗ್ಗಿದರು. ಮೂಗು ಅರಳಿಸಿ ಮೂಸಿದರು. ಕರವಸ್ತ್ರವನ್ನು ನಲ್ಲಿಯಲ್ಲಿ ಒದ್ದೆ ಮಾಡಿ ತಂದು ಬಾನೆಟ್ಟನ್ನು ಒರೆಸಿದರು. ತುಕ್ಕು ಕರವಸ್ತ್ರಕ್ಕೆ ಬಂತು, ಕೆಳಗಿನಿಂದ ಕಲೆಯಿಲ್ಲದ ನೀಲಿ ಹೊಳೆಯಿತು. ಮೇಷ್ಟ್ರು ಬಣ್ಣ ಮೆತ್ತಿದ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ತುಕ್ಕಿನ ಮೇಲೆ ಬಣ್ಣ ಬಳಿದವರನ್ನ ದಿನಾ ನೋಡ್ತೀನಿ," ಎಂದರು ವ್ಯಾಪಾರಿ. "ಬಣ್ಣದ ಮೇಲೆ ತುಕ್ಕು ಬಳಿದವರನ್ನ ನೋಡಿದ್ದು ಇದೇ ಮೊದಲು. ಕೊಡೋಕೆ ಇಷ್ಟು ಸಂಕಟಪಡ್ತಾರೆ ಅಂದ್ರೆ ಗಾಡಿ ಬಂಗಾರ ಇರಬೇಕು. ಡಾಕ್ಟ್ರು ಹೇಳಿದ್ದಕ್ಕಿಂತ ಜಾಸ್ತಿನೇ ಕೊಡ್ತೀನಿ."

ಆಮೇಲೆ ಅವರು ಮೇಷ್ಟ್ರ ಕಡೆ ತಿರುಗಿದರು. ಮನುಷ್ಯ ಕೆಟ್ಟವರಲ್ಲ. ದನಿ ತಗ್ಗಿಸಿ ಕೇಳಿದರು, "ನೋಡಿ ಮೇಷ್ಟ್ರೇ, ಬಲವಂತ ಇಲ್ಲ. ಬೇಡ ಅಂತ ಒಂದು ಮಾತು ಹೇಳಿ, ಹೊರಟುಹೋಗ್ತೀನಿ. ಏನಂತೀರಿ?"

ಎಲ್ಲರೂ ಮೇಷ್ಟ್ರನ್ನು ನೋಡಿದರು. ಉಪಕಾರ ಮಾಡಿ ಸುಸ್ತಾದ ಡಾಕ್ಟರು ನೋಡಿದರು. ಖಾಲಿಯಾಗಲಿರುವ ಅಂಗಳವನ್ನು ಆಗಲೇ ಕಣ್ಣಲ್ಲಿ ತುಂಬಿಕೊಂಡಿದ್ದ ಸೆಕ್ರೆಟರಿ ನೋಡಿದರು. ಹೆಂಡತಿ ಎಲ್ಲರಿಗಿಂತ ಹೆಚ್ಚಾಗಿ ನೋಡಿದರು. ಬೇಡ ಎನ್ನುವ ಮಾತು ಗಂಟಲವರೆಗೆ ಬಂತು. ಈ ಸಲ ಇನ್ನೂ ಸ್ವಲ್ಪ ಮೇಲೆ, ನಾಲಿಗೆಯ ಬುಡದವರೆಗೂ ಬಂತು.

"ಆಯ್ತು," ಎಂದರು ಮೇಷ್ಟ್ರು.

ಕಾರು ಅರ್ಧ ನೀಲಿ, ಅರ್ಧ ಕಾಫಿಪುಡಿಯಾಗಿ ಗೇಟು ದಾಟಿ ತಿರುವಿನಲ್ಲಿ ಮರೆಯಾಯಿತು. ಡಾಕ್ಟರು, ಸೆಕ್ರೆಟರಿ ಕೈಕುಲುಕಿ ತಮ್ಮ ತಮ್ಮ ಮನೆಗೆ ಹೋದರು.

ಮೇಲೆ ಬಂದ ಮೇಷ್ಟ್ರು ಬೆರಳಿನ ಬಣ್ಣವೆಲ್ಲ ಹೋದರೂ ನಲ್ಲಿಯ ಮುಂದಿನಿಂದ ಕದಲಲಿಲ್ಲ. ಹೆಂಡತಿ ಬಂದು ನಲ್ಲಿ ನಿಲ್ಲಿಸಿದರು.

"ಪೂರ್ತಿ ತುಕ್ಕು ಅಂತ ಆ ಮನುಷ್ಯನಿಗೆ ಯಾರು ಹೇಳಿದ್ದು ಗೊತ್ತಾ? ನಾನೇ. ನೀವು ಮಧ್ಯಾಹ್ನ ಕೆಳಗೆ ಹೋದಾಗ ಡಾಕ್ಟ್ರ ಹೆಂಡತಿ ಹತ್ರ ನಂಬರು ಇಸ್ಕೊಂಡು ಫೋನ್ ಮಾಡಿದೆ. ಗಾಡಿ ಕೈಯಲ್ಲಿ ಮುಟ್ಟಿದ್ರೆ ಉದುರುತ್ತೆ, ಬರಲೇಬೇಡಿ ಅಂದೆ. ಮಾರೋರೇ ಹಾಗಂದ್ರೆ ಏನೋ ಇರಬೇಕು ಅಂತ ಅವ್ರು ಬಂದೇಬಿಟ್ರು."

ಮೇಷ್ಟ್ರಿಗೆ ನಂಬಲಾಗಲಿಲ್ಲ. "ಮತ್ತೆ ಬೆಳಿಗ್ಗೆ ಮಾರಿ ಅಂದದ್ದು?"

"ಸಿಟ್ಟಲ್ಲಿ ಅಂದೆ. ನೀವು ಬೇಡ ಅಂತೀರಿ, ಆಗ ನಾನೂ ಸುಮ್ಮನಾಗೋಣ ಅಂತಿದ್ದೆ. ಇಡೀ ದಿನ ಕಾದೆ. ಆ ಮನುಷ್ಯ ಬಾಯಿಬಿಟ್ಟು ಕೇಳಿದಾಗ್ಲೂ ಕಾದೆ."

"ನೀನೇ ಒಂದು ಮಾತು ಹೇಳಬಹುದಿತ್ತಲ್ಲ."

"ಮಾರಿ ಅಂದವಳು ನಾನು. ಅಷ್ಟು ಜನರ ಮುಂದೆ ಹೇಗೆ ಹೇಳಲಿ?" ಹೆಂಡತಿ ಟವೆಲ್ಲು ಚಾಚಿದರು. ಅವರ ದನಿ ಸಣ್ಣಗಾಯಿತು. "ನಿಮಗೆ ಗೊತ್ತಿಲ್ಲ. ಮನೇಲಿ ನೀವು ಬಾಯೇ ಬಿಡಲ್ಲ. ಆ ಕಾರಲ್ಲಿ ಕೂತು ರಸ್ತೆ ನೋಡ್ತಾ ಹೋಗುವಾಗ ಮಾತ್ರ ನನ್ನ ಹತ್ರ ಮಾತಾಡ್ತಿದ್ರಿ. ಸ್ಕೂಲಿನ ವಿಷಯ, ಮಗಳ ವಿಷಯ, ಏನೇನೋ. ನಾನು ಸುಮ್ಮಸುಮ್ಮನೆ ಪೇಟೆಗೆ ಹೋಗೋಣ ಅಂತಿದ್ದದ್ದು ಅದಕ್ಕೇ."

ಮೇಷ್ಟ್ರಿಗೆ ಇದು ಗೊತ್ತೇ ಇರಲಿಲ್ಲ. ಹೆಂಡತಿಗೆ ಹೇಳಬೇಕಾದ ಮಾತುಗಳು ಆ ಕ್ಷಣದಲ್ಲಿ ಒಂದರ ಹಿಂದೊಂದು ಎದೆಗೆ ನುಗ್ಗಿ ಬಂದವು. ಕೈಗೆ ಸ್ಟೇರಿಂಗು, ಕಣ್ಣ ಮುಂದೆ ಒಂದು ರಸ್ತೆ ಇದ್ದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಅವರು ಟವೆಲ್ಲು ತೆಗೆದುಕೊಂಡು ಕೈ ಒರೆಸಿಕೊಂಡರು.