ಮೂರು ನಿಮಿಷದ ಸೇತುವೆ

ಬಹಳ ಹಿಂದೆ, ಮನುಷ್ಯರು ಕ್ಯಾಮೆರಾ ಹಿಡಿಯುವುದನ್ನು ಕಲಿತಿದ್ದರೂ ನಾಚಿಕೆಪಡುವುದನ್ನು ಇನ್ನೂ ಪೂರ್ತಿ ಮರೆತಿರದ ಕಾಲದಲ್ಲಿ, ಸುದರ್ಶನಪುರಿ ಎಂಬ ರಾಜ್ಯವಿತ್ತೆಂದು ಓದುಗ ಮಹಾಶಯರು ದಯವಿಟ್ಟು ನಂಬಬೇಕು. ಅದನ್ನು ಶ್ರೀಮನ್ಮಹಾರಾಜ ಪ್ರಸನ್ನವದನ ಭೂಪಾಲರು ಆಳುತ್ತಿದ್ದರು. ಆಳುವುದೆಂದರೆ, ಬೆಳಿಗ್ಗೆ ಭಾವಚಿತ್ರಕ್ಕೆ ಕೂರುವುದು, ಮಧ್ಯಾಹ್ನ ಅದನ್ನು ನೋಡುವುದು.

ಅಲ್ಲಿಯ ಆಸ್ಥಾನ ಚಲನಚಿತ್ರ ವಿದ್ಯಾಲಯದ ಕೊನೆಯ ವರ್ಷದಲ್ಲಿ ನೀಲಾಂಬಿಕೆ ಎಂಬ ಹುಡುಗಿ ಓದುತ್ತಿದ್ದಳು. ಗಾಣಿಗರ ಬೀದಿಯಿಂದ ಅಷ್ಟರಮಟ್ಟಿಗೆ ಓದಿದವಳು ಅವಳೊಬ್ಬಳೇ. ಆ ವರ್ಷ ವಿದ್ಯಾಲಯಕ್ಕೆ ಹೊಸ ನಿಯಮ ಬಂದಿತು. ವಿದ್ಯಾರ್ಥಿಗಳು ಇನ್ನು ಮುಂದೆ ಕಟ್ಟುಕಥೆಗಳನ್ನು ಚಿತ್ರಿಸತಕ್ಕದ್ದಲ್ಲ. ನಿಜವಾದ ಗ್ರಾಹಕರಿಗೆ ನಿಜವಾದ ಚಿತ್ರ ಮಾಡಿಕೊಡತಕ್ಕದ್ದು. ಗ್ರಾಹಕರು ಮೆಚ್ಚಿ ಮೊಹರು ಒತ್ತಿದರೆ ಮಾತ್ರ ಪದವಿ. ನೀಲಾಂಬಿಕೆಯ ಪಾಲಿಗೆ ಬಂದ ಗ್ರಾಹಕರು ಸೇತುವೆ ಖಾತೆಯ ಸಚಿವರಾದ ಗಜಕೇಸರಿಗಳು.

"ಚಂಪಾ ನದಿಯ ಮೇಲಿನ ನಮ್ಮ ಸೇತುವೆ. ಮೂರು ನಿಮಿಷ," ಎಂದರು ಸಚಿವರು. "ನೋಡಿದೋರಿಗೆ ಮೈ ಜುಮ್ಮೆನ್ನಬೇಕು. ಸತ್ಯ ಇರಬೇಕು. ತುಂಬ ಇರಬಾರದು."

ನೀಲಾಂಬಿಕೆ ಕ್ಯಾಮೆರಾ ಹೆಗಲಿಗೇರಿಸಿ ಹೋದಳು. ಸೇತುವೆ ಈ ದಡದಿಂದ ಬಹು ಗಾಂಭೀರ್ಯದಿಂದ ಹೊರಟು, ನದಿಯ ನಡುವಿನವರೆಗೆ ಬಂದು, ಅಲ್ಲಿ ನಿಂತಿತ್ತು. ಜನ ಅದರ ತುದಿಯವರೆಗೆ ನಡೆದು, ಬಿದಿರಿನ ಏಣಿ ಇಳಿದು, ಸೋಮಕ್ಕನ ದೋಣಿ ಹತ್ತಿ ಆಚೆ ದಡ ಸೇರುತ್ತಿದ್ದರು. ಏಳು ವರ್ಷಗಳಿಂದ ಹೀಗೇ.

"ಮೊದ್ಲು ದಡದಿಂದ ದಡಕ್ಕೆ ಹುಟ್ಟು ಹಾಕ್ತಿದ್ದೆ ಕಣವ್ವ," ಎಂದಳು ಸೋಮಕ್ಕ. "ಈಗ ಅರ್ಧ ಸರ್ಕಾರ, ಅರ್ಧ ನಾನು."

ಆ ಮಾತನ್ನು ನೀಲಾಂಬಿಕೆ ಖುಷಿಯಿಂದ ಸೆರೆಹಿಡಿದಳು. ಚಿತ್ರ ಅಲ್ಲೇ ಮುಗಿಯಬೇಕೆಂದು ತೀರ್ಮಾನಿಸಿದಳು.

ಸಚಿವರು ನೋಡಿದರು. "ಹಿಡಿಸ್ತು. ಒಂದೆರಡು ಸಣ್ಣ ಬದಲಾವಣೆ. ದೋಣಿ ತೆಗೀರಿ. ಆ ಹೆಂಗಸನ್ನ ತೆಗೀರಿ. ಸೇತುವೆ ಪೂರ್ತಿ ಮಾಡಿ."

"ಪೂರ್ತಿ ಮಾಡೋದು ತಮ್ಮ ಖಾತೆ ಅಲ್ವಾ ಸ್ವಾಮಿ?"

"ನಮ್ಮದು ಏನು ಬೇಕು ಅಂತ ಬ್ರೀಫ್ ಕೊಡೋ ಖಾತೆ. ಎಡಿಟಿಂಗ್ ನಿಮ್ಮದು."

ಅವಳು ತನ್ನ ಮೇಷ್ಟ್ರು ಶೇಷಾದ್ರಿಗಳ ಬಳಿ ಓಡಿದಳು. ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಕ್ಲೈಂಟು ದೇವರು ಅಂತ ನಾನು ಹೇಳಲ್ಲಮ್ಮ. ದೇವರು ಇಷ್ಟೊಂದು ಕರೆಕ್ಷನ್ ಕಳಿಸಲ್ಲ. ಆದ್ರೆ ಮೊಹರು ಅವರ ಕೈಲಿದೆಯಲ್ಲ?"

ನೀಲಾಂಬಿಕೆ ಒಂದು ದಿನ ಅತ್ತಳು, ಎರಡು ದಿನ ಎಡಿಟಿಂಗ್ ಮಾಡಿದಳು. ಇದ್ದ ಅರ್ಧ ಸೇತುವೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎರಡೂ ಅರ್ಧಗಳನ್ನು ನಡುವೆ ಬೆಸೆದಳು. ಬೆಸುಗೆಯ ಜಾಗದಲ್ಲಿ ಒಂದೇ ಕಾಗೆ ಎರಡಾಗಿ, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿತು. ಸೋಮಕ್ಕನ ದನಿ ಇದ್ದ ಕಡೆ ಶಹನಾಯಿ ಬಂತು. ಸಚಿವರು ಕಾಗೆಗಳನ್ನು ನೋಡಿ ಕಣ್ಣೊರೆಸಿಕೊಂಡು, "ರಾಷ್ಟ್ರೀಯ ಭಾವೈಕ್ಯ!" ಎಂದು ಮೊಹರು ಒತ್ತಿದರು.

ಅರಮನೆಯಲ್ಲಿ ಚಿತ್ರದ ಪ್ರದರ್ಶನವಾಯಿತು. ಮಹಾರಾಜರು ಸಿಂಹಾಸನದಿಂದ ಅರ್ಧ ಎದ್ದು, "ಮುಗಿದಿದೆಯೇ! ನಮಗೆ ಯಾರೂ ಹೇಳಲೇ ಇಲ್ಲ!" ಎಂದು ಹಿಗ್ಗಿದರು. ಆ ಕ್ಷಣವೇ ರಾಜಾಜ್ಞೆ ಹೊರಟಿತು: ಸೇತುವೆಯು ಪೂರ್ಣಗೊಂಡಿರುವುದರಿಂದ ನದಿಯ ಮೇಲಿನ ಸಮಸ್ತ ದೋಣಿಗಳನ್ನು ಜಪ್ತಿ ಮಾಡಿ, ಒಡೆದು, ಅರಮನೆಯ ಚಿತ್ರಮಂದಿರಕ್ಕೆ ಆಸನಗಳನ್ನು ಮಾಡತಕ್ಕದ್ದು.

ದೋಣಿ ಎಂಬ ಮಾತು ಕಿವಿಗೆ ಬಿದ್ದದ್ದೇ ಸಭೆಯಲ್ಲಿ ಕೂತಿದ್ದ ನೀಲಾಂಬಿಕೆ ಎದ್ದು ನಿಂತಳು. ಪದವಿ ಹೋದರೆ ಹೋಗಲಿ ಅನ್ನಿಸಿತು.

"ಮಹಾಪ್ರಭು, ತಪ್ಪಾಯ್ತು. ಸೇತುವೆ ಅರ್ಧವೇ ಇರೋದು. ಉಳಿದ ಅರ್ಧ ಕಂಪ್ಯೂಟರಿನಲ್ಲಿ ನಾನೇ ಮಾಡಿದ್ದು."

ಗಜಕೇಸರಿಗಳು ತಮ್ಮ ಪಾದಗಳನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು.

"ಎಷ್ಟು ದಿನದಲ್ಲಿ ಮಾಡಿದೆ?" ಮಹಾರಾಜರು ಕೇಳಿದರು.

"ಎರಡು ದಿನ, ಪ್ರಭು."

"ನೋಡಿರಿ! ಏಳು ವರ್ಷ ಎಂಜಿನಿಯರುಗಳು ಕಟ್ಟಲಾರದ್ದನ್ನು ಈ ಬಾಲೆ ಎರಡು ದಿನದಲ್ಲಿ ಕಟ್ಟಿದಳು! ಒಂದು ಚೀಲ ಸಿಮೆಂಟೂ ಕೇಳಲಿಲ್ಲ!"

"ಈ ಪ್ರತಿಭೆಯನ್ನು ಗುರುತಿಸಿದ್ದು ನಾನೇ, ಪ್ರಭು," ಎಂದರು ಗಜಕೇಸರಿಗಳು, ಪಾದಗಳನ್ನು ಬಿಟ್ಟು ಮೇಲೆ ನೋಡುತ್ತ.

ಎಂಜಿನಿಯರುಗಳನ್ನು ಮನೆಗೆ ಕಳಿಸಲಾಯಿತು. ನೀಲಾಂಬಿಕೆಗೆ ಜರಿಯ ಶಾಲು ಹೊದಿಸಿ, ಪ್ರಧಾನ ಸೇತುಶಿಲ್ಪಿ ಎಂಬ ಬಿರುದು ಕೊಟ್ಟು, ಕೆಂಪು ದೀಪದ ಪಲ್ಲಕ್ಕಿಯಲ್ಲಿ ಕೂರಿಸಲಾಯಿತು.

ಮರುದಿನವೇ ಅವಳು ಸೇತುವೆ ಖಾತೆಯ ಕಚೇರಿಗೆ ಹೋಗಿ ಇಟ್ಟಿಗೆ ಕೇಳಿದಳು. ಗುಮಾಸ್ತ ಅವಳನ್ನು ಕನಿಕರದಿಂದ ನೋಡಿದ. "ಪೂರ್ತಿಯಾದ ಸೇತುವೆಗೆ ಇಟ್ಟಿಗೆ ಯಾಕೆ ತಾಯಿ? ಆಡಿಟ್‌ನೋರು ನಗ್ತಾರೆ."

"ಹಾಗಾದ್ರೆ ದೋಣಿಗಳನ್ನಾದ್ರೂ ವಾಪಸ್ ಕೊಡಿ."

"ಅದು ದೋಣಿ ಖಾತೆ. ನಿನ್ನೆ ಸಂಜೆ ರದ್ದಾಯ್ತು."

ಅವಳು ಪಲ್ಲಕ್ಕಿ ಬಿಟ್ಟು ನದಿಗೆ ನಡೆದಳು. ಅಲ್ಲಿ ಸೋಮಕ್ಕ ಎದೆಮಟ್ಟದ ನೀರಿನಲ್ಲಿ, ಎರಡು ಖಾಲಿ ಕೊಡಗಳನ್ನು ಹಗ್ಗದಿಂದ ಕಟ್ಟಿ, ಅವುಗಳ ಮೇಲೆ ಒಬ್ಬ ಮುದುಕಿಯನ್ನೂ ಮುದುಕಿಯ ಎರಡು ಕೋಳಿಗಳನ್ನೂ ಕೂರಿಸಿ ಆಚೆ ದಡಕ್ಕೆ ತಳ್ಳುತ್ತಿದ್ದಳು.

"ಸೋಮಕ್ಕ, ನನ್ನಿಂದ ಹೀಗಾಯ್ತು. ಬಯ್ಯಿ ನನ್ನ."

"ಬಯ್ಯಕ್ಕೆ ಪುರುಸೊತ್ತಿಲ್ಲ ಕಣವ್ವ. ಅಜ್ಜಿ ಜಾರ್ತಾವ್ಳೆ, ಬಂದು ಕಾಲು ಹಿಡ್ಕೊ."

ನೀಲಾಂಬಿಕೆ ಜರಿಯ ಶಾಲನ್ನು ಕಲ್ಲಿನ ಮೇಲೆಸೆದು ನೀರಿಗೆ ಹಾರಿದಳು. ಮುದುಕಿ ಕಿರುಚಿದಳು, ಕೋಳಿಗಳು ಅದಕ್ಕಿಂತ ಜೋರಾಗಿ ಕಿರುಚಿದವು. ಅಂತೂ ನಾಲ್ಕು ಜನ್ಮಕ್ಕಾಗುವಷ್ಟು ನೀರು ಕುಡಿದು ಎಲ್ಲರೂ ಆಚೆ ದಡ ಸೇರಿದರು. ಆ ರಾಜ್ಯದಲ್ಲಿ ಅವಳಿಂದಾದ ಮೊದಲ ಪೂರ್ತಿ ಕೆಲಸ ಅದು. ಅವಳಿಗೆ ನಗು ಬಂತು. ಸೋಮಕ್ಕನಿಗೂ ಬಂತು.

ದುರದೃಷ್ಟವಶಾತ್, ಈ ದಡದಲ್ಲಿ ಗಜಕೇಸರಿಗಳು ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಬ್ರೀಫ್ ಕೊಡುತ್ತಿದ್ದರು. "ಕ್ಯಾಮೆರಾ ಅತ್ತ ತಿರುಗಿಸಿ! ಸೇತುಶಿಲ್ಪಿಗಳೇ ಈಜ್ತಿದ್ದಾರೆ! ಇದನ್ನ ಕಟ್ ಮಾಡಬೇಡಿ!"

ಮೂರು ದಿನಗಳಲ್ಲಿ ಚಿತ್ರ ಅರಮನೆ ತಲುಪಿತು. ದೋಣಿಯ ಹಲಗೆಯ ಹೊಸ ಆಸನದಲ್ಲಿ ಮಹಾರಾಜರು ಅದನ್ನು ಎರಡು ಸಲ ನೋಡಿದರು. ನಾಲ್ಕನೇ ದಿನ ಡಂಗುರ ಸಾರಲಾಯಿತು: ಪ್ರಧಾನ ಸೇತುಶಿಲ್ಪಿಯವರೇ ಮಾದರಿಯಾಗಿ ಈಜಿ ತೋರಿಸಿರುವುದರಿಂದ, ಪ್ರಜೆಗಳು ಇನ್ನು ಮುಂದೆ ಸೇತುವೆಯನ್ನು ತುಳಿದು ಸವೆಸದೆ, ಆರೋಗ್ಯಕರವಾಗಿ ಈಜಿಯೇ ನದಿ ದಾಟತಕ್ಕದ್ದು.

ಸಂತೆಯ ದಿನ ಊರಿಗೆ ಊರೇ ತಲೆಯ ಮೇಲೆ ಗಂಟು ಹೊತ್ತು ನೀರಿಗಿಳಿಯಿತು. ಎಲ್ಲರಿಗಿಂತ ಮುಂದೆ, ಯಾರದೋ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು, ನೀಲಾಂಬಿಕೆ ಇದ್ದಳು. ಮೇಲೆ, ಯಾರೂ ಕಾಲಿಡದ ಸೇತುವೆಗೆ ಎರಡನೇ ಕೋಟ್ ಬಣ್ಣ ಬಳಿಯುತ್ತಿದ್ದರು.