ಕುಣಿಯೊಳಗಿನ ಎರಡು ತಲೆ

ಎಪ್ಪತ್ತೆಂಟರ ಬೇಸಿಗೆಯ ಒಂದು ಬೆಳಿಗ್ಗೆ ಇಳಕಲ್ಲಿನ ನೇಕಾರ ಕಾಶಪ್ಪ ಮಗ್ಗದ ಕೆಳಗೆ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟವನು, ಬಿಟ್ಟ ವೇಗದಲ್ಲೇ ಮೇಲೆಳೆದುಕೊಂಡ. ಕುಣಿಯ ಮೂಲೆಯಲ್ಲಿದ್ದ ಹರಕು ಗೋಣಿಯ ಕೆಳಗೆ ಹಾವು ಮಲಗಿತ್ತು. ಗೋಣಿಯ ಆಚೆ ಒಂದು ಮೊಂಡು ತುದಿ, ಈಚೆ ಒಂದು ಮೊಂಡು ತುದಿ.

ಮರುದಿನ ನಾದಿನಿಯ ಮಗಳ ಮದುವೆ. ಮದುಮಗಳ ಸೀರೆ ಮಗ್ಗದ ಮೇಲಿತ್ತು, ಸೆರಗು ಮುಗಿಯಲು ಇನ್ನೂ ಮೊಳದಷ್ಟು ಬಾಕಿ. ಸಂಜೆಯ ಬಸ್ಸಿಗೆ ಸೀರೆ ತಯಾರಾಗದಿದ್ದರೆ ಹೆಂಡತಿ ಬಸಲಿಂಗವ್ವ ತವರಿನಲ್ಲಿ ತಲೆ ಎತ್ತುವಂತಿರಲಿಲ್ಲ. ಆಮೇಲೆ ಅವಳೆದುರು ತಲೆ ಎತ್ತುವುದು ಕಾಶಪ್ಪನಿಂದಲೂ ಸಾಧ್ಯವಿರಲಿಲ್ಲ.

ಸುದ್ದಿ ಕೇಳಿ ಎದುರುಮನೆಯ ಇಂದ್ರಾಬಾಯಿ ಬಂದಳು. ಇದು ಎರಡು ತಲೆಯ ಹಾವು, ಮನೆಗೆ ಒಳ್ಳೆಯದಾಗುತ್ತದೆ ಎಂದು ಹೇಳಿ, ಯಾವ ಬಾಯಿಗೂ ಬೇಸರವಾಗದಿರಲೆಂದು ಎರಡು ಬಟ್ಟಲಲ್ಲಿ ಹಾಲಿಡಿಸಿದಳು. ಅದು ಆರು ತಿಂಗಳು ಆ ಕಡೆ, ಆರು ತಿಂಗಳು ಈ ಕಡೆ ನಡೆಯುತ್ತದೆ ಎಂದು ಸೈಕಲ್ ಅಂಗಡಿಯ ಬಾಬುಸಾಬ ವಾದ ಹೂಡಿದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಓಣಿ ಒಳಗಿತ್ತು. ಬಸಲಿಂಗವ್ವ ಚಹಾ ಕಾಸಿ ಕಾಸಿ ಸುಸ್ತಾದಳು. ಮಗ್ಗ ಮಾತ್ರ ಅಲುಗಲಿಲ್ಲ.

ಕೊನೆಗೆ ವಿಜ್ಞಾನ ಕಲಿಸುವ ಮಾಳಪ್ಪ ಮಾಸ್ತರರು ಬಂದು, ಕನ್ನಡಕ ಒರೆಸಿಕೊಂಡು ಕುಣಿಯೊಳಗೆ ಇಣುಕಿದರು.

“ಎರಡು ತಲಿ ಎಲ್ಲಿಂದ ಬರ್ತಾವು? ಇದು ಮಣ್ಣುಮುಕ್ಕ. ಬಾಲಾನ ತಲಿ ಹಂಗ ತೋರಿಸಿ ವೈರಿಗೆ ಮೋಸ ಮಾಡ್ತದ. ವಿಷ ಇಲ್ಲ. ಈ ಕಡೆ ಸುಮ್ಮನ ಐತಲ್ಲ, ಅದ ಬಾಲ. ಹಿಡದು ಎಳಿ.”

“ಖರೇನ್ರಿ?” ಎಂದ ಕಾಶಪ್ಪ.

ಮಾಸ್ತರರು ಇಪ್ಪತ್ತು ವರ್ಷ ಇದನ್ನೇ ಕಲಿಸಿದವರಂತೆ ನಕ್ಕರು. ಕಾಶಪ್ಪ ದೇವರನ್ನು ನೆನೆದು ಬಲಗೈ ಚಾಚಿದ. ಬಾಲ ಅವನ ಹೆಬ್ಬೆರಳನ್ನು ಕಚ್ಚಿತು.

“ಬಾಲ ಕಡೀತ್ರಿ ಮಾಸ್ತರ,” ಎಂದ ಅಳುದನಿಯಲ್ಲಿ.

ಮಾಸ್ತರರು ಒಂದು ಕ್ಷಣ ಯೋಚಿಸಿದರು. “ಹಂಗಾದ್ರ ಅದು ತಲಿ. ಆ ಕಡೆದ್ದು ಬಾಲ. ಲಗೂನ ಹಿಡಿ.”

ಇಷ್ಟು ಓದಿದವರ ಮಾತು ಎರಡನೇ ಸಲವೂ ತಪ್ಪೀತೇ? ಕಾಶಪ್ಪ ಎಡಗೈ ಚಾಚಿದ. ಅದೂ ಕಚ್ಚಿತು.

ಬಾಬುಸಾಬ ಕೋಲಿನಿಂದ ಗೋಣಿ ಎತ್ತಿದ. ಕೆಳಗೆ ಎರಡು ಹಾವುಗಳು, ಒಂದು ಅತ್ತ ತಲೆ ಹಾಕಿ, ಇನ್ನೊಂದು ಇತ್ತ ತಲೆ ಹಾಕಿ, ಆರಾಮಾಗಿ ಮಲಗಿದ್ದವು.

“ತಲಿ ಎರಡ ಅಂತ ನಾ ಮುಂಜಾನೇನ ಹೇಳಿದ್ದೆ,” ಎಂದಳು ಇಂದ್ರಾಬಾಯಿ.

ಬಾಬುಸಾಬ ಹಾವುಗಳನ್ನು ಚೀಲದಲ್ಲಿ ಹಾಕಿ ಹೊಲಕ್ಕೆ ಒಯ್ದು ಬಿಟ್ಟ. ದವಾಖಾನೆಯಲ್ಲಿ ಕಂಪೌಂಡರ ಭಯವಿಲ್ಲವೆಂದು ಹೇಳಿ, ಎರಡೂ ಹೆಬ್ಬೆರಳುಗಳಿಗೆ ಬದನೆಕಾಯಿಯಷ್ಟು ದಪ್ಪ ಪಟ್ಟಿ ಸುತ್ತಿದ. ಈಗ ಕುಣಿ ಖಾಲಿಯಾಗಿತ್ತು, ಮಗ್ಗ ಕಾದಿತ್ತು, ಆದರೆ ಲಾಳಿ ಹಿಡಿಯುವ ಕೈ ಇರಲಿಲ್ಲ.

ಸಂಜೆಯ ಬಸ್ಸಿನಲ್ಲಿ ಬಸಲಿಂಗವ್ವ ಅರ್ಧ ಸೆರಗಿನ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಪಕ್ಕದಲ್ಲಿ ಕಾಶಪ್ಪ, ಎರಡೂ ಹೆಬ್ಬೆರಳು ಮೇಲೆತ್ತಿಕೊಂಡು, ಅವಳು ಯಾವಾಗ ಈ ಕಡೆ ತಿರುಗುತ್ತಾಳೋ ಎಂದು ಹೆದರಿ ಕುಳಿತಿದ್ದ.